ಬಸಿದ ನೀರಿನ ಮಾವ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಚಹಾಕ್ಕೆ ಒಮ್ಮೆಯೂ ಚಮಚ ಆಡಿಸಿದವರಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ನನ್ನನ್ನು ನಂಬಬೇಡಿ! ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಯಾವ ಚಹಾದಂಗಡಿಗೆ ಬೇಕಾದರೂ ಹೋಗಿ "ಕಲಕಬ್ಯಾಡ್ರಿ ಸರ್ ಮನಿ ಎಲ್ಲೈತ್ರಿ?" ಎಂದು ಕೇಳಿ. ಬಾಗಿಲ ತನಕ ಕರೆತಂದು ಬಿಟ್ಟು ಹೋಗುತ್ತಾರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಈ ಮನುಷ್ಯನ ನಿಜವಾದ ಹೆಸರು ಊರಿಗೆ ಮರೆತೇ ಹೋಗಿದೆ.

ಅವರ ಚಹಾ ಸೇವನೆಗೆ ಒಂದು ವಿಧಿಯಿದೆ. ಸಕ್ಕರೆ ಹಾಕದ ಚಹಾ ತರಿಸಬೇಕು. ಅದು ಪೂರ್ತಿ ಆರಬೇಕು. ಆಮೇಲೆ ಸಕ್ಕರೆಯನ್ನು ಮೆಲ್ಲಗೆ ತಳಕ್ಕೆ ಇಳಿಸಿ, ಟೇಬಲ್ಲಿಗೆ ಗಲ್ಲ ಆನಿಸಿ ಲೋಟವನ್ನೇ ನೋಡುತ್ತ ಕೂಡಬೇಕು. ಪಕ್ಕದವರು ಯಾರಾದರೂ ಪಾಪ ಅನ್ನಿಸಿ ಚಮಚ ಚಾಚಿದರೋ, ಮುಗಿಯಿತು! "ಕಲಕಬ್ಯಾಡ್ರಿ! ಸಕ್ಕರಿ ತಾನ ಮ್ಯಾಲ ಬರ್ತೈತಿ. ಹೆಚ್ಚು ಇದ್ದಲ್ಲಿಂದ ಕಡಿಮಿ ಇದ್ದಲ್ಲಿಗೆ ಹೋಗೂದು ಅದರ ಧರ್ಮ."

"ಯಾವಾಗ ಬರ್ತೈತ್ರಿ ಮಾವಾ?" ಎಂದು ನಾನು ಒಮ್ಮೆ ಕೇಳಿದೆ. ಕೇಳಬಾರದಿತ್ತು. ಮೊಬೈಲು ತೆಗೆದು ಲೆಕ್ಕ ಹಾಕಿಯೇಬಿಟ್ಟರು.

"ನೀರು ಒಂದಿಷ್ಟೂ ಅಲುಗದಿದ್ರ, ಲೋಟದ ತುಂಬ ಸಮ ಆಗಾಕ ಕೆಲವು ತಿಂಗಳು."

"ತಿಂಗಳಾ! ಅಷ್ಟೊತ್ತಿಗೆ ಚಾ ಏನಾಗಿರ್ತೈತ್ರಿ?"

"ಅದು ಜೀವಶಾಸ್ತ್ರದವರ ಪ್ರಶ್ನೆ. ನಂದಲ್ಲ."

ಹಾಗಂತ ತಿಂಗಳುಗಟ್ಟಲೆ ಕಾಯುತ್ತಾರೆಯೇ? ಇಲ್ಲ, ಸ್ವಲ್ಪ ಹೊತ್ತಿಗೆ ಅತ್ತೆ ಫೋನು ಮಾಡುತ್ತಾಳೆ. ಮಾವ ಗಟಗಟ ಕುಡಿದು ಏಳುತ್ತಾರೆ. ಮೊದಲಿನ ಮುಕ್ಕಾಲು ಲೋಟ ಕಹಿ, ಕೊನೆಯ ಗುಟುಕು ಪಾಕ!

ಮನೆಯ ಕತೆ ಇನ್ನೂ ದೊಡ್ಡದು. ಪಡಸಾಲೆಯ ಗೂಡಿನಲ್ಲಿ ಒಂದು ಗಾಜಿನ ಭರಣಿ ಇಟ್ಟಿದ್ದರು. ತಳದಲ್ಲಿ ಮೈಲುತುತ್ತದ ಹರಳು, ಮೇಲೆ ನೀರು. ನೀಲಿ ಬಣ್ಣ ತಾನೇ ತಾನಾಗಿ ಮೇಲೇರಬೇಕು. ಎಲ್ಲಿಯವರೆಗೆ ಯಾವಾಗ ಏರುತ್ತದೆ ಎಂದು ಮೊದಲೇ ಗುಣಿಸಿ, ಭರಣಿಯ ಮೈಗೆ ಕಾಗದದ ಪಟ್ಟಿ ಅಂಟಿಸಿದ್ದರು: ಪಂಚಮಿ, ದಸರಾ, ದೀಪಾವಳಿ, ಸಂಕ್ರಾಂತಿ. ಮೊದಮೊದಲಿನ ಪಟ್ಟಿಗಳು ದೂರ ದೂರ, ಆಮೇಲಿನವು ಒತ್ತೊತ್ತಾಗಿ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಎರಡು ಪಟ್ಟು ದೂರಕ್ಕ ನಾಕು ಪಟ್ಟು ಹೊತ್ತು. ಅರ್ಧ ದೂರಕ್ಕ ಕಾಲು ಹೊತ್ತು. ಇಷ್ಟು ಗೊತ್ತಿದ್ರ ಜಗತ್ತು ಗೊತ್ತಿದ್ದಂಗ!" ಆ ಭರಣಿ ಅಲುಗಬಾರದೆಂದು ಪಡಸಾಲೆಯಲ್ಲಿ ಫ್ಯಾನು ಬಂದ್. ಲಿಂಗಸುಗೂರಿನ ಬೇಸಿಗೆಯಲ್ಲಿ, ಸ್ವಾಮೀ! ಮಿಕ್ಸರ್ ಹಿತ್ತಲಿಗೆ ಹೋಯಿತು. ಬಾಗಿಲು ದಡಕ್ಕನೆ ಹಾಕಿದವರಿಗೆ ಆ ದಿನ ಮಾವನ ಮೌನವ್ರತದ ಶಿಕ್ಷೆ.

ದಸರಾ ಪಟ್ಟಿಯ ಹತ್ತಿರ ನೀಲಿ ಬಂದಿತ್ತು. ಆಗ ಸಂತೆಕಲ್ಲೂರಿನಿಂದ ದೊಡ್ಡವ್ವ ಬಂದಳು. ದೊಡ್ಡವ್ವ ಎಂದರೆ ಮಾವನ ಅಕ್ಕ, ನನ್ನವ್ವನ ಅಕ್ಕ, ಉಪಕಾರ ಮಾಡದೆ ಒಂದು ಗಳಿಗೆ ಕೂತಿರಲಾರದ ಜೀವ. ಭರಣಿಯನ್ನು ನೋಡಿದಳು. ಎತ್ತಿದಳು. ಎರಡೂ ಕೈಯಿಂದ ಗಡಗಡ ಅಲುಗಿಸಿ ಮತ್ತೆ ಗೂಡಿನಲ್ಲಿಟ್ಟಳು.

"ತಮ್ಮಾ, ನಿನ್ನ ಔಷಧ ತಳಕ್ಕ ಕುಂತಿತ್ತಲೋ. ಅಲುಗಿಸಿ ಇಟ್ಟೀನಿ, ಕುಡಿ."

ಮಾವ ಆ ದಿನ ಊಟ ಮಾಡಲಿಲ್ಲ. ಮರುದಿನ ಎದ್ದವರೇ ಹೊಸ ನೀರು, ಹೊಸ ಹರಳು, ಹೊಸ ಪಟ್ಟಿ! ಬಿಡುವ ಜಾತಿಯಲ್ಲ ಅದು. ಅತ್ತೆ ಗೋಡೆಗೊರಗಿ ಕೂತು ನನಗೆ ಹೇಳಿದಳು: "ನನಗ ಗಂಡು ನೋಡಿದಾಗ ಮಂದಿ ಏನಂದ್ರು ಗೊತ್ತೇನ? ಹುಡುಗ ಭಾಳ ಶಾಂತ ಅದಾನ ಅಂದ್ರು. ಶಾಂತ ಅಲ್ಲ, ಬಣ್ಣ ಏರೂದು ಕಾಯಾಕತ್ತಾನ ಅಂತ ಒಬ್ರಾದ್ರೂ ಹೇಳಬಾರದೇನ?"

ಇಂಥ ಬಾಯಿಯ ನಮ್ಮ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟವು. ಸುದ್ದಿ ಕೇಳಿ ನಾನಂತೂ ಶಾಲೆಯ ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ. ಡಯಾಲಿಸಿಸ್ಸಿಗೆ ಪಾಳಿ ಸಿಕ್ಕಿದ್ದು ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ. ವಾರಕ್ಕೆರಡು ಸಲ ಲಿಂಗಸುಗೂರಿನಿಂದ ಗಂಡಹೆಂಡಿರ ಬಸ್ ಪ್ರಯಾಣ. ಮಸ್ಕಿಯಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸುವ ನಾನು, ರಜೆ ಸಿಕ್ಕಾಗಲೆಲ್ಲ ಅದೇ ಬಸ್ಸು ಹತ್ತಿಕೊಳ್ಳುತ್ತಿದ್ದೆ.

ಮೊದಲ ದಿನ ಅಲ್ಲಿನ ಡಾಕ್ಟರಮ್ಮ, ಮೈಸೂರು ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಂತ್ರ ತೋರಿಸಿ ಸಮಾಧಾನವಾಗಿ ವಿವರಿಸಿದರು. "ಈ ಕೂದಲಿನಂಥ ನಾಳಗಳ ಒಳಗೆ ರಕ್ತ ಹೋಗುತ್ತೆ, ಹೊರಗೆ ಈ ದ್ರಾವಣ ಇರುತ್ತೆ. ರಕ್ತದಲ್ಲಿ ಕಲ್ಮಶ ಜಾಸ್ತಿ, ಇದರಲ್ಲಿ ಇಲ್ಲ. ಹಾಗಾಗಿ ಅದು ಈ ಕಡೆ ದಾಟಿಕೊಂಡು..."

ಮಾವ ಕುರ್ಚಿ ಬಿಟ್ಟು ಜಿಗಿದೆದ್ದರು. "ವಿಸರಣ! ಏ ಇವಳ, ಕೇಳಿದಿ ಏನ? ನನ್ನ ಭರಣಿಯಾಗ ಆಗೂದ ಇದು, ವಿಸರಣ!"

"ಲಗ್ನ ಗೊತ್ತಾದವರಂಗ ಕುಣೀಬ್ಯಾಡ್ರಿ. ಕೂಡ್ರಿ ಸುಮ್ನ," ಎಂದಳು ಅತ್ತೆ.

ಪಕ್ಕದ ಹಾಸಿಗೆಯಲ್ಲಿ ತುರ್ವಿಹಾಳದ ಒಬ್ಬ ಮುದುಕ ಮಲಗಿದ್ದ. ಗಾಬರಿಯಾಗಿ ತಲೆಯೆತ್ತಿದ. "ಯಾರ ವಿಚಾರಣೀರೀ? ಪೊಲೀಸ್ರು ಬಂದಾರೇನ್ರೀ?"

ಅಂದಿನಿಂದ ಮಾವ ಯಂತ್ರದ ಬುಡ ಬಿಟ್ಟು ಕದಲಲಿಲ್ಲ. ಮೊದಲ ತಾಸಿನಲ್ಲಿ ಹೆಚ್ಚು ದಾಟುತ್ತದೆ, ಬರಬರುತ್ತ ಕಡಿಮೆಯಾಗುತ್ತದೆ, ಯಾಕೆಂದರೆ ದಾಟಲಿಕ್ಕೆ ಉಳಿದಿರುವುದೇ ಕಡಿಮೆ ಎಂದು ಇಡೀ ವಾರ್ಡಿಗೆ ಪಾಠ. ಕೊನೆಯಲ್ಲಿ ರಕ್ತ ಪರೀಕ್ಷಿಸಿದರೆ ಅಂಕಿ ಎಷ್ಟು ಬರುತ್ತದೆಂದು ಮೊದಲೇ ಹೇಳುವರು. ಹತ್ತಿರ ಹತ್ತಿರ ಅಷ್ಟೇ ಬರುವುದು! ನರ್ಸಮ್ಮ ನಗುತ್ತ, "ಇನ್ನ ಮ್ಯಾಲ ನೀವ ಹೇಳಿಬಿಡ್ರಿ ಸರ್, ಸೂಜಿ ಚುಚ್ಚೂದು ತಪ್ಪತೈತಿ" ಎನ್ನುತ್ತಿದ್ದಳು. ಸುದ್ದಿ ಹಬ್ಬಿತು. ತುರ್ವಿಹಾಳದ ಮುದುಕ ಒಂದು ದಿನ "ನಂದೂ ಒಂದೀಟು ನೋಡ್ರಿ ಸರಾ" ಎಂದು ಮಾವನ ಮುಂದೆ ಅಂಗೈ ಚಾಚಿದ!

ನಗು ಅಲ್ಲಿಯವರೆಗೆ. ಆಮೇಲೆ ಊಟದ ಪಥ್ಯ ಬಂತು. ನೀರು ಅಳತೆಯಲ್ಲಿ, ಉಪ್ಪು ಚಿಟಿಕೆ. ಬಾಳೆಹಣ್ಣು ಬೇಡ, ಎಳನೀರು ಬೇಡ, ಬಟಾಟೆ ಬೇಡ, ಸೊಪ್ಪು ಬೇಡ. ಅವುಗಳಲ್ಲಿರುವ ಪೊಟ್ಯಾಶಿಯಂ ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗಬಹುದು. ಅತ್ತೆ ಎಲ್ಲದಕ್ಕೂ ಹೂಂ ಎಂದಳು. ಆದರೆ ಊಟವನ್ನೇ ಬಿಡುತ್ತ ಬಂದಳು. ಎರಡು ತುತ್ತು ಉಂಡು ತಟ್ಟೆ ಸರಿಸುವುದು, ಗೋಡೆಯ ಕಡೆ ಮುಖ ಮಾಡಿ ಮಲಗುವುದು. ಕೈಬಳೆ ಮೊಣಕೈತನಕ ಸರಿಯುವಷ್ಟು ಸೊರಗಿದಳು. ಡಾಕ್ಟರಮ್ಮ ಮಾವನನ್ನು ಹೊರಗೆ ಕರೆದು ಹೇಳಿದರು: "ಹೀಗೆ ಉಪವಾಸ ಇದ್ದರೆ ಯಂತ್ರ ಏನೂ ಮಾಡಲಾಗಲ್ಲ. ಹೇಗಾದರೂ ಊಟ ಮಾಡಬೇಕು ಅವರು."

"ಏನು ತಿಂತಿ ಹೇಳು," ಎಂದು ಮಾವ ಬಸ್ಸಿನಲ್ಲಿ ಕೇಳಿದರು. ನಾನು ಹಿಂದಿನ ಸೀಟಿನಲ್ಲಿದ್ದೆ.

"ಏನೂ ಬ್ಯಾಡ."

"ಒಂದರ ಹೇಳು."

ಅತ್ತೆ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಪುಂಡಿಪಲ್ಯ, ಬಿಸಿ ರೊಟ್ಟಿ. ಕೊಡ್ತೀರೇನು?"

ಸೊಪ್ಪು! ಬೇಡವೆಂದ ಪಟ್ಟಿಯಲ್ಲೇ ಇದ್ದದ್ದು. ಮುಂದಿನ ಪಾಳಿಯ ದಿನ ಡಾಕ್ಟರಮ್ಮನ ಕೋಣೆಯಲ್ಲಿ ಕೂತು ಮಾವ ಕಾಡಿದ ಕಾಟ ಅಷ್ಟಿಷ್ಟಲ್ಲ. ಕೊನೆಗೆ ಆಕೆ ಸೋತು ಹೇಳಿದರು: "ತರಕಾರಿನ ತೆಳ್ಳಗೆ ಹೆಚ್ಚಿ, ತುಂಬಾ ನೀರಲ್ಲಿ ಕುದಿಸಿ, ಆ ನೀರು ಬಸಿದು ಚೆಲ್ಲಿದರೆ ಪೊಟ್ಯಾಶಿಯಂ ಒಂದಿಷ್ಟು ಹೊರಗೆ ಹೋಗುತ್ತೆ. ಸದ್ಯಕ್ಕೆ ಎಲ್ಲ ತರಕಾರಿನೂ ಹಾಗೇ ಮಾಡಿ. ರಿಪೋರ್ಟು ಚೆನ್ನಾಗಿ ಬಂದರೆ ಆ ಪಲ್ಯ ಒಂದು ಹಿಡಿ ಕೊಡಿ. ಬರದಿದ್ದರೆ ಇಲ್ಲ."

ಅಷ್ಟು ಸಾಕಿತ್ತು. ಅಡುಗೆಮನೆಯ ದಿಕ್ಕು ಗೊತ್ತಿಲ್ಲದ ಮಾವ, ಅತ್ತೆಯ ಆರೈಕೆಗೆಂದು ಬಂದು ಒಲೆ ಹಿಡಿದಿದ್ದ ದೊಡ್ಡವ್ವನನ್ನು ಸರಿಸಿ, ಕನ್ನಡಕ ಏರಿಸಿ ಈಳಿಗೆಮಣೆಯ ಮುಂದೆ ಕೂತರು. "ಅರ್ಧ ದಪ್ಪ, ಕಾಲು ಹೊತ್ತು!" ಎಂದು ಘೋಷಣೆ ಕೂಗುತ್ತ ಸೋರೆಕಾಯಿ ಹೆಚ್ಚಿದರು, ಬದನೆಕಾಯಿ ಹೆಚ್ಚಿದರು, ಎಡಗೈ ಹೆಬ್ಬೆರಳನ್ನೂ ಹೆಚ್ಚಿಕೊಂಡರು. ಅತ್ತೆ ಒಂದು ಹೋಳೆತ್ತಿ ಬೆಳಕಿಗೆ ಹಿಡಿದು, "ಇದನ್ನ ಕುದಿಸಬೇಕೋ, ಇದರಾಗ ಪೇಪರ್ ಓದಬೇಕೋ?" ಎಂದು ಕೇಳಿದಳು.

ಒಂದು ಅಡಚಣೆ ಬಂತು ನೋಡಿ. ಹೋಳಿನ ಮೈಗೆ ಹತ್ತಿದ ನೀರು ಅಲ್ಲೇ ನಿಂತರೆ, ಅದರಲ್ಲಿ ಪೊಟ್ಯಾಶಿಯಂ ತುಂಬಿಕೊಂಡು ಒಳಗಿನದು ಹೊರಬರುವ ವೇಗ ಇಳಿಯುತ್ತದೆ. ಆ ನೀರನ್ನು ಸರಿಸಬೇಕು, ಹೊಸ ನೀರು ಬರಬೇಕು. ಅಂದರೆ? ಅಂದರೆ ಕಲಕಬೇಕು! ಮಾವ ಪಾತ್ರೆಯ ಮುಂದೆ ಬಹಳ ಹೊತ್ತು ನಿಂತರು. ಕೈ ಸೌಟಿನ ತನಕ ಹೋಯಿತು, ವಾಪಸು ಬಂತು. ಮತ್ತೆ ಹೋಯಿತು. ಅತ್ತೆ ಮಂಚದ ಮೇಲಿಂದಲೇ ಕೂಗಿದಳು: "ಏ ಹುಡುಗೀ, ಲಗೂ ಬಾ ಬೇ! ನಿಮ್ಮ ಮಾವ ಕಲಕಾಕತ್ತಾರ!"

ನಾನು ಓಡಿಹೋಗಿ ಫೋಟೋ ತೆಗೆದೆ. ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷಕ್ಕೆ ಸಿರುಗುಪ್ಪದ ನೆಂಟರ ಫೋನು: "ಯಾಕ ಬೇ, ಸರ್ ಆರಾಮ ಅದಾರಿಲ್ಲೋ?"

ಬಸಿದ ನೀರನ್ನು ಚೆಲ್ಲಿದರೇ? ಅದು ಹೇಗೆ ಚೆಲ್ಲುತ್ತಾರೆ! ಬಾಟಲಿಗೆ ತುಂಬಿ, ಮಣ್ಣು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯಕ್ಕೆ ಒಯ್ದರು. ಪೊಟ್ಯಾಶಿಯಂ ಅಳೆಯುವ ಯಂತ್ರ ಅಲ್ಲಿರುತ್ತದೆ, ಅದನ್ನು ನಡೆಸುವವನು ಮಾವನ ಹಳೇ ಶಿಷ್ಯ.

"ಯಾವ ಹೊಲದ್ದು ಸರ್ ಇದು?"

"ಹೊಲದ್ದಲ್ಲೋ. ಬದನಿಕಾಯಿದು."

ಶಿಷ್ಯ ಗುರುವಿನ ಮುಖ ನೋಡಿದ, ಬಾಟಲಿ ನೋಡಿದ, ಸುಮ್ಮನೆ ಅಳೆದುಕೊಟ್ಟ. ಅಲ್ಲಿನ ಕಂಪ್ಯೂಟರಿಗೆ ಇದೆಲ್ಲ ಏನು ಗೊತ್ತು? ಅಂಕಿಯ ಕೆಳಗೆ ಸಲಹೆಯನ್ನೂ ಮುದ್ರಿಸಿತ್ತು: 'ಪೊಟ್ಯಾಷ್ ಸಾಕಷ್ಟಿದೆ. ಗೊಬ್ಬರ ಹಾಕುವ ಅಗತ್ಯವಿಲ್ಲ.' ಮಾವ ಆ ಹಾಳೆ ಹಿಡಿದು ವಿಜಯೋತ್ಸವದಿಂದ ಬಂದರು. "ನೋಡ್ರಿ! ಎಲ್ಲಾ ನೀರಿಗೆ ಬಂದೈತಿ! ಬರೂ ರಿಪೋರ್ಟಿನಾಗ ಇಳಿಲೇಬೇಕು!" ಎಷ್ಟು ಇಳಿಯುತ್ತದೆ ಎಂದೂ ಹೇಳಿದರು. ನರ್ಸಮ್ಮನಿಗೂ ಹೇಳಿದರು. ಡಾಕ್ಟರಮ್ಮನಿಗೂ ಹೇಳಿದರು.

ರಿಪೋರ್ಟು ಬಂತು. ಏರಿತ್ತು.

ಇಳಿಯಬೇಕಾದದ್ದು ಏರಿತ್ತು! ಡಾಕ್ಟರಮ್ಮನ ಮುಖದಲ್ಲಿ ಮೊದಲ ಸಲ ಸಿಟ್ಟು ಕಂಡೆ. "ಏನಮ್ಮಾ, ಎಳನೀರು ಗಿಳನೀರು ಕುಡಿದ್ರಾ?"

"ನೀರ ಕುಡ್ಯಾಕ ಬಿಡಂಗಿಲ್ಲ ಇವರು. ಎಳನೀರು ಎಲ್ಲಿಂದ ಬರಬೇಕ್ರಿ?" ಎಂದಳು ಅತ್ತೆ.

"ಇನ್ನು ಸೊಪ್ಪಿನ ಮಾತೇ ಬೇಡ ಸರ್. ಇದು ಹುಡುಗಾಟ ಅಲ್ಲ. ಜೀವದ ಪ್ರಶ್ನೆ."

ವಾಪಸು ಬರುವಾಗ ಬಸ್ಸಿನಲ್ಲಿ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಮಸ್ಕಿ ಬಂದರೂ ನಾನು ಇಳಿಯಲಿಲ್ಲ, ಅವರ ಜೊತೆಗೇ ಹೋದೆ. ಅತ್ತೆಯೇ ಮಾತು ತೆಗೆದಳು. "ಬಿಟ್ಟುಬಿಡ್ರಿ. ಪಲ್ಯ ತಿನ್ನದಿದ್ರ ಏನೂ ಮುಳುಗಿ ಹೋಗಂಗಿಲ್ಲ. ನಿಮ್ಮ ಲೆಕ್ಕ ಒಮ್ಮಿ ತಪ್ಪಿದ್ರ ತಪ್ಪಲಿ."

"ಬಿಡೂದಿಲ್ಲ," ಎಂದರು ಮಾವ. "ಒಳಗ ಬಂದದ್ದರಾಗ ಹೊರಗ ಹೋದದ್ದು ಕಳದ್ರ ಉಳದದ್ದು. ಇದು ಬ್ರಹ್ಮ ಬಂದ್ರೂ ತಪ್ಪೂದಿಲ್ಲ. ಎಲ್ಲಿಂದಲೋ ಒಳಗ ಬರಾಕತ್ತೈತಿ. ಎಲ್ಲಿಂದ ಅಂತ ಹುಡುಕೇ ಹುಡುಕ್ತೀನಿ."

ಆಗ ಶುರುವಾಯಿತು ನೋಡಿ ನಿಜವಾದ ವಿಚಾರಣೆ! ಕೊಳವೆಬಾವಿಯ ನೀರಿನ ಮೇಲೆ ಸಂಶಯ. ಗುಳಿಗೆಗಳ ಮೇಲೆ ಸಂಶಯ. ಹಲ್ಲುಜ್ಜುವ ಪೇಸ್ಟಿನ ಮೇಲೆ ಸಂಶಯ. ಮಂಡಕ್ಕಿ ತಂದುಕೊಟ್ಟಿದ್ದ ನನ್ನ ಮೇಲೂ ಸಂಶಯ! "ಹೋದ ಸಲ ಮಂಡಾಳ ತಂದಿದ್ಯಲ್ಲ, ಅದರಾಗ ಪುಟಾಣಿ ಎಷ್ಟಿತ್ತು?" ನನಗೆ ರೇಗಿತು. "ಮಾವಾ, ನಾ ಒಂದು ಮುಷ್ಟಿ ಮಂಡಾಳ ಕೊಟ್ಟೀನಿ, ವಿಷ ಕೊಟ್ಟಿಲ್ಲ!" ಅವರ ಕಿವಿಗೆ ಅದು ಬೀಳಲೇ ಇಲ್ಲ. ಆಗಲೇ ಒಲೆಯ ಪಕ್ಕದ ಗೂಡಿನಲ್ಲಿ ಕೈಯಾಡಿಸುತ್ತಿದ್ದರು. ಅರಿಸಿನ ಮೂಸಿದರು, ಬೆಲ್ಲ ಮೂಸಿದರು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಹಾಗೇ ನಿಂತುಬಿಟ್ಟರು.

"ಇದು ತುಂಬೈತಲ್ಲ! ಇದನ್ನ ಯಾರು ತುಂಬ್ಯಾರ?"

ಅತ್ತೆ ಉಪ್ಪು ಹೆಚ್ಚು ತಿನ್ನಬಾರದೆಂದು ಮಾವ ಆ ಡಬ್ಬಿಯಲ್ಲಿ ತಳಮಟ್ಟಕ್ಕಷ್ಟೇ ಇಡುತ್ತಿದ್ದರು. ಮಾವ ಬಸಿದಿಟ್ಟದ್ದಕ್ಕೆ ಉಪ್ಪುಖಾರ ಹಾಕುವ ಅಧಿಕಾರವನ್ನು ಬಿಟ್ಟುಕೊಡದಿದ್ದ ದೊಡ್ಡವ್ವ ಹಿತ್ತಲಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು.

"ನಾನ ತುಂಬೀನೋ ತಮ್ಮಾ. ಅಮಾಸಿ ದಿನ ಉಪ್ಪಿನ ಡಬ್ಬಿ ಬರಿದ ಇಟ್ಕೊಂಡು ಕುಂತೀರಿ, ಮನಿಗೆ ಏಳಿಗಿ ಆಗಬೇಕೋ ಬ್ಯಾಡೋ? ಅದೂ ಸಾದಾ ಉಪ್ಪಲ್ಲೋ. ನನಗ ಬಿಪಿಗಂತ ತಂದದ್ದು. ತುಟ್ಟಿ ಉಪ್ಪು! ಎಷ್ಟು ತಿಂದ್ರೂ ಏನೂ ಆಗಂಗಿಲ್ಲಂತ. ನಿನ್ನ ಹೆಂಡ್ತಿಗೂ ಚಲೋ ಆಗಲಿ ಅಂತ ಕೈತುಂಬ ಹಾಕಿ ಮಾಡಾಕತ್ತೀನಿ."

"ಪಾಕೀಟು ಎಲ್ಲೈತಕ್ಕಾ?"

ಪಾಕೀಟು ಬಂತು. ಮುಂದೆ ದೊಡ್ಡಕ್ಷರದಲ್ಲಿ 'ಸೋಡಿಯಂ ಕಡಿಮೆ'. ಹಿಂದೆ, ಇರುವೆಗಾತ್ರದ ಅಕ್ಷರದಲ್ಲಿ, ಸೋಡಿಯಂ ಬದಲು ಹಾಕಿದ್ದು ಏನೆಂದು ಇತ್ತು. ಪೊಟ್ಯಾಶಿಯಂ ಕ್ಲೋರೈಡ್! ಬಿಪಿಯವರಿಗೆ ಅದು ಒಳ್ಳೆಯದಿರಬಹುದು, ಕಿಡ್ನಿ ಹೋದವರಿಗೆ ಅಲ್ಲ. ಮುಂಬಾಗಿಲಲ್ಲಿ ನಿಂತು ಮಾವ ಯಾವುದನ್ನು ಬಸಿದು ಬಸಿದು ಹೊರಗೆ ಕಳಿಸುತ್ತಿದ್ದರೋ, ಅದನ್ನೇ ಹಿತ್ತಲ ಬಾಗಿಲಿನಿಂದ ದೊಡ್ಡವ್ವ ಆರತಿ ಎತ್ತಿ ಒಳಗೆ ಕರೆಯುತ್ತಿದ್ದಳು!

ವಿಷಯ ತಿಳಿಸಿ ಹೇಳಿದ ಮೇಲೆ ದೊಡ್ಡವ್ವ ನೆಲಕ್ಕೆ ಕುಸಿದು ಕೂತಳು. "ಅಯ್ಯೋ ಶಿವನೇ, ನನ್ನ ಕೈಲೆ ನಾನ ಹಾಕಿದ್ನಲ್ಲೋ!" ಎಂದು ಹಣೆ ಹಣೆ ಬಡಿದುಕೊಂಡಳು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದು ಅವಳ ಕೈ ಹಿಡಿದಳು. "ಅಕ್ಕಾರ, ಅಳಬ್ಯಾಡ್ರಿ. ಅದಕ್ಕ ನೋಡ್ರಿ ಇತ್ತಿತ್ತಲಾಗ ಸಾರು ಒಂದೀಟು ರುಚಿ ಹತ್ತಿತ್ತು." ಇನ್ನು ಮಾವ? ಡಬ್ಬಿ ಎತ್ತಿ ಹಿಡಿದು ಅಂಗಳದ ತುಂಬ ಓಡಾಡುತ್ತಿದ್ದರು! "ಲೆಕ್ಕ ತಪ್ಪಿಲ್ಲ! ನಾ ಹೇಳಲಿಲ್ಲೇನು? ಲೆಕ್ಕ ತಪ್ಪಿಲ್ಲ!"

"ನೋಡ್ರಿ ಇವರನ್ನ," ಎಂದಳು ಅತ್ತೆ. "ಹೆಂಡ್ತಿ ಉಳಿದ್ಲು ಅಂತಲ್ಲ, ಲೆಕ್ಕ ಉಳೀತು ಅಂತ ಕುಣ್ಯಾಕತ್ತಾರ."

ನನಗೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಎಂಥ ಮನುಷ್ಯನಪ್ಪಾ ಅನ್ನಿಸಿತು. ಆದರೆ ಅದೇ ಸಂಜೆ ಸಿಂಧನೂರಿಗೆ ಫೋನು ಮಾಡಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದವರೂ ಅವರೇ, ಅಡುಗೆಗೆ ಬೇಕಾದ ಚಿಟಿಕೆ ಉಪ್ಪನ್ನು ತಾವೇ ಹಾಕತೊಡಗಿದವರೂ ಅವರೇ. ಹೋಳು ಇನ್ನೂ ತೆಳ್ಳಗಾದವು. ನೀರು ಇನ್ನೂ ಹೆಚ್ಚಾಯಿತು. ಅತ್ತೆ ಮಾತ್ರ ಅದೇ ಎರಡು ತುತ್ತು, ಅದೇ ಗೋಡೆ. ಮುಂದಿನ ರಿಪೋರ್ಟಿನಲ್ಲಿ ಅಂಕಿ ಇಳಿಯಿತು. ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿ, "ಒಂದು ಹಿಡಿ ಸರ್. ಒಂದೇ ಹಿಡಿ," ಎಂದರು.

ಭಾನುವಾರ ಪಲ್ಯವಾಯಿತು. ಪುಂಡಿಯನ್ನು ಕುದಿಸಿ ನೀರು ಬಸಿಯುವುದನ್ನು ಮಾವ ತಮ್ಮ ಸಂಶೋಧನೆಯೆಂಬಂತೆ ವಿವರಿಸುತ್ತಿದ್ದರೆ, "ಹುಳಿ ಹೋಗಲಿ ಅಂತ ನಮ್ಮವ್ವನೂ ಬಸೀತಿದ್ಲೋ," ಎಂದು ದೊಡ್ಡವ್ವ ಗೊಣಗಿದಳು. ಆದರೆ ಎರಡೆರಡು ಸಲ ಹೊಸ ನೀರು ಹಾಕಿ ಬಸಿದದ್ದು ಮಾವನೊಬ್ಬರೇ. ಜೋಳದ ನುಚ್ಚು ಹಾಕಿದರು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ದೊಡ್ಡವ್ವ ರೊಟ್ಟಿ ಬಡಿದಳು. ಮಾವ ತಟ್ಟೆಯಲ್ಲಿ ಕಾಲು ರೊಟ್ಟಿ ಇಟ್ಟು, "ಇಷ್ಟು ತಿಂದ್ಲಂದ್ರ ದೊಡ್ಡದು," ಎಂದು ನನ್ನ ಕಿವಿಯಲ್ಲಿ ಭವಿಷ್ಯ ನುಡಿದರು.

ಅತ್ತೆ ರೊಟ್ಟಿ ಮುರಿದಳು. ಪಲ್ಯ ಹಚ್ಚಿ ಬಾಯಿಗಿಟ್ಟಳು. ಅಗಿದಳು. ನಾವು ಮೂವರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಸಪ್ಪಗೈತಿ," ಎಂದಳು. "ಹುಳಿ, ಉಪ್ಪು, ಪುಂಡಿ, ಎಲ್ಲಾ ನೀರಿನ ಜೋಡಿ ಹೋಗೈತಿ."

ಮಾವನ ಮುಖ ಇಳಿಯಿತು. ಪೊಟ್ಯಾಶಿಯಂ ಹೋಗುವ ದಾರಿಯಲ್ಲಿ ರುಚಿಯೂ ಹೋಗುತ್ತದೆ ಎಂಬುದನ್ನು ಅವರು ಗುಣಿಸಿರಲೇ ಇಲ್ಲ. ಅತ್ತೆ ತಲೆ ತಗ್ಗಿಸಿ ಇನ್ನೊಂದು ತುತ್ತು ತಿಂದಳು. ಮತ್ತೊಂದು. ತಟ್ಟೆ ಒರೆಸಿದಳು.

"ಇನ್ನರ್ಧ ರೊಟ್ಟಿ ಹಾಕ್ರಿ."

ಮಾವ ತಟ್ಟನೆ ಎದ್ದು ಅಡುಗೆಮನೆಗೆ ಹೋದರು. ಹೋದವರು ಬರಲಿಲ್ಲ. ನೋಡಿದರೆ, ಒಲೆಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ರೊಟ್ಟಿ ಕೈಯಲ್ಲೇ ಇತ್ತು.

"ಮಾವಾ, ಯಾಕ್ರಿ? ಅತ್ತಿ ಕಾಯಾಕತ್ತಾಳ."

ಮಾವ ನನ್ನತ್ತ ತಿರುಗಲಿಲ್ಲ. "ಅಕಿಗೆ ಹಸಿವ್ಯಾಗೈತಿ ಬೇ," ಎಂದರು. "ಕೇಳಿದಿಲ್ಲೋ? ಹಸಿವ್ಯಾಗೈತಿ ಅಕಿಗೆ."

"ರೊಟ್ಟಿ ಬರ್ತೈತೋ, ನಾನ ಎದ್ದು ಬರಲೋ?" ಎಂದು ಹೊರಗಿನಿಂದ ಅತ್ತೆ ಗದರಿದಳು. ಮಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, "ಬಂದೆ, ಬಂದೆ" ಎನ್ನುತ್ತ ಓಡಿದರು.